ಹಾಸ್ಟೆಲ್ ಇಲ್ಲದ ಕಾಲೇಜು: ಮಗಳಿಗೆ ಕಡಿಮೆ ಬಾಡಿಗೆಯ ಜಾಗ ಹುಡುಕುವುದು ಹೇಗೆ?

ಪ್ರಶ್ನೆ: ಮಗಳಿಗೆ ಕ್ಯಾಲಿಫೋರ್ನಿಯಾದ ಕುಪರ್ಟಿನೊದಲ್ಲಿರುವ ಡಿ ಆಂಜಾ ಕಮ್ಯುನಿಟಿ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಎರಡು ವರ್ಷ ಅಲ್ಲಿ ಓದಿ ಆಮೇಲೆ ಯೂನಿವರ್ಸಿಟಿಗೆ ಹೋಗುವ ಯೋಚನೆ. ಫೀಸು ಹೇಗೋ ಹೊಂದಿಸಿದ್ದೇವೆ. ಆದರೆ ಕ್ಯಾಂಪಸ್ಸಿನಲ್ಲಿ ಹಾಸ್ಟೆಲ್ ಇಲ್ಲವಂತೆ. ಹೊರಗಿನ ಬಾಡಿಗೆ ನೋಡಿದರೆ ತಲೆ ತಿರುಗುತ್ತದೆ. ಕಡಿಮೆ ಬಾಡಿಗೆಗೆ ಮನೆ ಸಿಗುತ್ತದಾ? ಇಲ್ಲಿಂದಲೇ ಅಡ್ವಾನ್ಸ್ ಕಳಿಸಿ ಬುಕ್ ಮಾಡಬೇಕಾ? – ಹಾಸನದ ಓದುಗರೊಬ್ಬರು

ಉತ್ತರ: ಮನೆ ಸಿಗುವುದು ಕಷ್ಟ. ರೂಮ್ ಸಿಗುತ್ತದೆ. ಅಡ್ವಾನ್ಸ್ ಮಾತ್ರ ಈಗಲೇ ಕಳಿಸಬೇಡಿ.

ಕುಪರ್ಟಿನೊ ಎಂದರೆ ಆ್ಯಪಲ್ ಕಂಪನಿಯ ಊರು. ಸುತ್ತಲಿನ ಸನ್ನಿವೇಲ್, ಸಾಂಟಾ ಕ್ಲಾರಾಗಳಲ್ಲೂ ಎಂಜಿನಿಯರ್‌ಗಳದೇ ಸಂತೆ. ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟಿಗೆ ತಿಂಗಳಿಗೆ 2,500 ಡಾಲರ್‌ಗಿಂತ ಜಾಸ್ತಿ ಕೇಳುವುದು ಮಾಮೂಲು. ಅಷ್ಟು ಕೊಡುತ್ತೇವೆ ಎಂದರೂ ಸುಮ್ನೆ ಬೀಗದ ಕೈ ಕೊಡುವುದಿಲ್ಲ. ಬಾಡಿಗೆಯ ಎರಡೂವರೆ, ಮೂರು ಪಟ್ಟು ಸಂಬಳ ಇದೆಯಾ, ಕ್ರೆಡಿಟ್ ಸ್ಕೋರ್ ಎಷ್ಟು ಎಂದು ಕೇಳುತ್ತಾರೆ. ಈಗ ತಾನೇ ಇಳಿದ ವಿದ್ಯಾರ್ಥಿನಿಗೆ ಅವೆರಡೂ ಎಲ್ಲಿಂದ ಬರಬೇಕು? ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದಲ್ಲಿ ತರಗತಿ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಯಷ್ಟೇ ಕೆಲಸ. ಆ ದುಡ್ಡಲ್ಲಿ ಬಾಡಿಗೆ ಕಟ್ಟಬಹುದು ಎಂಬ ಲೆಕ್ಕವನ್ನು ಈಗಲೇ ಬಿಟ್ಟುಬಿಡಿ.

ಹಾಗಾಗಿ ಹುಡುಕಬೇಕಾದದ್ದು ಯಾರದೋ ಮನೆಯ ಒಂದು ರೂಮ್, ಅಥವಾ ಬೇರೆ ವಿದ್ಯಾರ್ಥಿಗಳ ಜೊತೆ ಶೇರಿಂಗ್. ಒಬ್ಬಳಿಗೇ ಪ್ರತ್ಯೇಕ ರೂಮ್ ಬೇಕೆಂದರೆ ಆ ಭಾಗದಲ್ಲಿ ತಿಂಗಳಿಗೆ ಸಾಮಾನ್ಯವಾಗಿ 1,000ದಿಂದ 1,500 ಡಾಲರ್ ಇಟ್ಟುಕೊಳ್ಳಿ. ಒಂದೇ ರೂಮಿನಲ್ಲಿ ಇಬ್ಬರಾದರೆ ಇನ್ನೂ ಇಳಿಯುತ್ತದೆ. ಮನೆಯ ಹಾಲ್‌ನಲ್ಲಿ ಪರದೆ ಕಟ್ಟಿ ಕೊಡುವ ಜಾಗವೂ ಉಂಟು. ಅಗ್ಗವೇನೋ ಹೌದು, ಆದರೆ ಓದಲು ಕೂರುವ ಹುಡುಗಿಗೆ ಅದು ಹೇಳಿ ಮಾಡಿಸಿದ್ದಲ್ಲ. ಮೊದಲ ತಿಂಗಳು ತಳ್ಳಲು ಸರಿ. ಹಿತ್ತಲಲ್ಲಿ ಕಟ್ಟಿಸಿದ ಪುಟ್ಟ ಔಟ್‌ಹೌಸ್‌ಗಳನ್ನೂ ಬಾಡಿಗೆಗೆ ಕೊಡುತ್ತಾರೆ. ಇಬ್ಬರು ಹುಡುಗಿಯರು ಸೇರಿ ಹಿಡಿದರೆ ಒಳ್ಳೆಯದು.

ಇನ್ನು ದೂರ. ಎಲ್ಲರೂ ಮ್ಯಾಪಿನಲ್ಲಿ ಕಾಲೇಜಿನ ಸುತ್ತ ಒಂದು ವೃತ್ತ ಹಾಕಿ ಅದರೊಳಗೇ ಹುಡುಕುತ್ತಾರೆ. ವೃತ್ತ ಬೇಡ, ಬಸ್ಸಿನ ದಾರಿ ಹಿಡಿಯಿರಿ. ಡಿ ಆಂಜಾ ಕಾಲೇಜಿನ ಹತ್ತಿರ ವಿಟಿಎ ಸಂಸ್ಥೆಯ ಹಲವು ಬಸ್‌ಗಳು ಬರುತ್ತವೆ. 23 ಮತ್ತು 523 ನಂಬರಿನವು ಸ್ಟೀವನ್ಸ್ ಕ್ರೀಕ್ ರಸ್ತೆ ಹಿಡಿದು ಸ್ಯಾನ್ ಹೋಸೆ ಕಡೆಗೆ ಹೋಗುತ್ತವೆ. 55 ಸನ್ನಿವೇಲ್ ಕಡೆಗೆ. ಕಾಲೇಜಿನ ಫೀಸಿನ ಜೊತೆಗೇ ಬಸ್ ಪಾಸಿನ ವ್ಯವಸ್ಥೆಯೂ ಇದೆ, ಅದರ ಷರತ್ತು ಕೇಳಿಕೊಳ್ಳಿ. ಕುಪರ್ಟಿನೊ ಬಿಟ್ಟು ಸ್ಯಾನ್ ಹೋಸೆ ಕಡೆ ಸರಿದಷ್ಟೂ ಬಾಡಿಗೆ ಹಗುರಾಗುತ್ತದೆ. ಸ್ಟಾಪಿನಿಂದ ಐದು ನಿಮಿಷ ನಡೆಯುವ ದೂರದಲ್ಲಿರುವ ರೂಮ್, ಎರಡು ಮೈಲಿ ಹತ್ತಿರವಿದ್ದೂ ಬಸ್ ಇಲ್ಲದ ರೂಮಿಗಿಂತ ಎಷ್ಟೋ ಮೇಲು. ಸಂಜೆ ಕ್ಲಾಸ್ ಇದ್ದರೆ ಕೊನೆಯ ಬಸ್ ಎಷ್ಟು ಹೊತ್ತಿಗೆ ಎಂದು ಮೊದಲೇ ನೋಡಿಕೊಳ್ಳಬೇಕು.

ಸಮಯದ ವಿಷಯದಲ್ಲಿ ನಿಮಗೊಂದು ಅನುಕೂಲ ಇದೆ. ಡಿ ಆಂಜಾದಲ್ಲಿ ತರಗತಿ ಶುರುವಾಗುವುದು ಸೆಪ್ಟೆಂಬರ್ ಕೊನೆಗೆ. ಸ್ಯಾನ್ ಹೋಸೆ ಸ್ಟೇಟ್ ಯೂನಿವರ್ಸಿಟಿಯವರು ಆಗಸ್ಟಿನಲ್ಲೇ ಬಂದು ರೂಮ್ ಹಿಡಿದಿರುತ್ತಾರೆ, ಆ ನೂಕುನುಗ್ಗಲು ಅಷ್ಟರಲ್ಲಿ ಮುಗಿದಿರುತ್ತದೆ. ಬೇಸಿಗೆ ಇಂಟರ್ನ್‌ಶಿಪ್‌ಗೆಂದು ಕಂಪನಿಗಳಿಗೆ ಬಂದ ಹುಡುಗರೂ ಆಗಸ್ಟ್, ಸೆಪ್ಟೆಂಬರಿನಲ್ಲಿ ಖಾಲಿ ಮಾಡುತ್ತಾರೆ. ಮಗಳು ಎರಡು ವಾರ ಮುಂಚೆ ಹೋಗಿ, ಹೋಮ್‌ಸ್ಟೇಯಲ್ಲೋ ಪರಿಚಯದವರ ಮನೆಯಲ್ಲೋ ಇದ್ದು, ಕಣ್ಣಾರೆ ನೋಡಿ ರೂಮ್ ಹಿಡಿಯಲಿ. ಆ ಎರಡು ವಾರದ ಖರ್ಚು ದಂಡ ಅಲ್ಲ.

ಯಾಕೆಂದರೆ ಮೋಸ ನಡೆಯುವುದೇ ದೂರದಿಂದ ಬುಕ್ ಮಾಡುವವರಿಗೆ. ಚೆಂದದ ಫೋಟೊ, ನಂಬಲಾಗದಷ್ಟು ಕಡಿಮೆ ಬಾಡಿಗೆ, 'ನಾನು ಸದ್ಯ ಊರಲ್ಲಿಲ್ಲ, ದುಡ್ಡು ಹಾಕಿದರೆ ಕೀ ಕೊರಿಯರ್ ಮಾಡುತ್ತೇನೆ' ಎಂಬ ಓನರ್. ಕ್ರೇಗ್ಸ್‌ಲಿಸ್ಟ್, ಸುಲೇಖಾದಂಥ ಜಾಹೀರಾತು ವೆಬ್‌ಸೈಟ್, ಫೇಸ್‌ಬುಕ್ ಗುಂಪು ಎಲ್ಲ ಕಡೆ ನಿಜವಾದ ರೂಮ್‌ಗಳೂ ಇವೆ, ಇಂಥವೂ ನುಸುಳುತ್ತವೆ. ಅಲ್ಲಿ ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ ಇದೆ. ಅವರನ್ನು ಮನೆ ಕೊಡಿಸಿ ಎಂದು ಕೇಳುವುದಕ್ಕಿಂತ, ಅರ್ಧ ಗಂಟೆ ಹೋಗಿ ಒಂದು ರೂಮ್ ನೋಡಿ ಬರುವವರು ಯಾರಾದರೂ ಇದ್ದಾರಾ ಎಂದು ಕೇಳಿ. ಅಷ್ಟು ಸಣ್ಣ ಉಪಕಾರಕ್ಕೆ ಜನ ಸಿಗುತ್ತಾರೆ.

ಅಡ್ವಾನ್ಸ್ ಎಂದಾಗ ಬೆಂಗಳೂರಿನ ಹತ್ತು ತಿಂಗಳ ಬಾಡಿಗೆ ನೆನಪಾಗಿ ಹೆದರಬೇಡಿ. ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಿಂದ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಡೆಪಾಸಿಟ್ ಕೇಳುವಂತಿಲ್ಲ. ಒಂದೆರಡು ಮನೆಯಷ್ಟೇ ಇರುವ ಸಣ್ಣ ಮಾಲೀಕರಿಗೆ ಎರಡು ತಿಂಗಳವರೆಗೆ ವಿನಾಯಿತಿ ಇದೆ. ಖಾಲಿ ಮಾಡಿದ 21 ದಿನದೊಳಗೆ ಡೆಪಾಸಿಟ್ ವಾಪಸ್ ಕೊಡಬೇಕು, ಹಿಡಿದುಕೊಂಡರೆ ಯಾಕೆಂದು ಬರೆದು ಕೊಡಬೇಕು. ಒಳಗೆ ಹೋದ ದಿನವೇ ಗೋಡೆ, ಕಾರ್ಪೆಟ್, ಬಾತ್‌ರೂಮಿನ ಫೋಟೊ ತೆಗೆದಿಟ್ಟುಕೊಳ್ಳಲಿ.

ಸಹಿ ಹಾಕುವ ಮುಂಚೆ ಎರಡು ಮಾತು. ನಾಲ್ವರು ಸೇರಿ ಒಂದೇ ಅಗ್ರಿಮೆಂಟಿಗೆ ಸಹಿ ಹಾಕಿದರೆ, ಸಾಮಾನ್ಯವಾಗಿ ಪೂರ್ತಿ ಬಾಡಿಗೆಗೆ ನಾಲ್ವರೂ ಹೊಣೆ. ಒಬ್ಬಳು ಬಿಟ್ಟು ಹೋದರೆ ಅವಳ ಪಾಲು ಉಳಿದವರ ತಲೆಗೆ. ಮಾಲೀಕರೇ ಇರುವ ಮನೆಯಲ್ಲಿ ಒಂದು ರೂಮ್ ಹಿಡಿದರೆ ಈ ತಲೆನೋವಿಲ್ಲ. ಆದರೆ ಅಡುಗೆಮನೆ ಅಥವಾ ಬಾತ್‌ರೂಮ್ ಅವರ ಜೊತೆ ಹಂಚಿಕೊಳ್ಳುವವರಿಗೆ ಬಾಡಿಗೆದಾರರ ಕಾನೂನಿನ ಕಾವಲು ಕಡಿಮೆ. ನೋಟಿಸ್ ಎಷ್ಟು ದಿನ, ಕರೆಂಟು, ವೈಫೈ ಯಾರ ಖರ್ಚು ಎಲ್ಲವನ್ನೂ ಬರೆಸಿಕೊಳ್ಳಬೇಕು. ಅಡುಗೆಯ ಮಾತೂ ಆಗಲಿ. ಜಾಹೀರಾತಿನಲ್ಲಿ 'ಲೈಟ್ ಕುಕಿಂಗ್' ಎಂದಿದ್ದರೆ ದಿನಾ ಒಗ್ಗರಣೆ ಹಾಕಲು ಬಿಡುವುದಿಲ್ಲ ಎಂದೇ ತಿಳಿಯಿರಿ. ಹೊರಗೆ ತಿಂದರೆ ಉಳಿಸಿದ ಬಾಡಿಗೆಯೆಲ್ಲ ಹೋಟೆಲ್ ಪಾಲು, ಅಲ್ವಾ?

'ಅಫೋರ್ಡಬಲ್ ಹೌಸಿಂಗ್' (ಕಡಿಮೆ ಆದಾಯದವರಿಗೆ ಅಗ್ಗದ ವಸತಿ) ಎಂದು ಬೋರ್ಡು ಹಾಕಿದ ಕಟ್ಟಡಗಳೂ ಕಣ್ಣಿಗೆ ಬೀಳುತ್ತವೆ. ತೆರಿಗೆ ರಿಯಾಯಿತಿ ಪಡೆದು ಕಟ್ಟಿದ ಅಂಥ ಮನೆಗಳಲ್ಲಿ, ಇರುವವರೆಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳಾಗಿದ್ದರೆ ಸಾಮಾನ್ಯವಾಗಿ ಸೇರಿಸಿಕೊಳ್ಳುವಂತಿಲ್ಲ. ಕೆಲವು ವಿನಾಯಿತಿ ಇವೆ, ನಿಮ್ಮ ಮಗಳಿಗೆ ಅವು ಹೊಂದುವುದು ಕಷ್ಟ. ಅರ್ಜಿ ತುಂಬುತ್ತಾ ಕೂರಬೇಡಿ.

ಹಾಸ್ಟೆಲ್ಲೇ ಬೇಕು ಎನಿಸಿದರೆ ಅದಿರುವ ಕಮ್ಯುನಿಟಿ ಕಾಲೇಜುಗಳೂ ಇವೆ. ದಕ್ಷಿಣ ಕ್ಯಾಲಿಫೋರ್ನಿಯಾದ ಆರೆಂಜ್ ಕೋಸ್ಟ್ ಕಾಲೇಜು 2020ರಲ್ಲಿ 800ಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ವಸತಿ ತೆರೆಯಿತು. ಸಾಂಟಾ ರೋಸಾ ಜೂನಿಯರ್ ಕಾಲೇಜಿನಲ್ಲೂ ಇದೆ. ಇನ್ನೂ ಬದಲಿಸಲು ಅವಕಾಶವಿದ್ದರೆ ಫೀಸು, ವಸತಿ ಎರಡನ್ನೂ ಕೂಡಿಸಿ ಹೋಲಿಸಿ ನೋಡಿ.

ರೂಮ್ ಬದಲಿಸಿದಾಗಲೆಲ್ಲ ಹೊಸ ವಿಳಾಸವನ್ನು 10 ದಿನದೊಳಗೆ ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ತಿಳಿಸಬೇಕು. ಎಫ್-1 ವೀಸಾದವರಿಗೆ ಇದು ಕಡ್ಡಾಯ. ಮೊದಲ ಎರಡು ವಾರದ ತಾತ್ಕಾಲಿಕ ಜಾಗ ಬಿಟ್ಟು ರೂಮಿಗೆ ಹೋದಾಗಲೂ ಇದೇ ನಿಯಮ.