ಹಣ್ಣು ನೊಣದ ಬೆನ್ನು ಹತ್ತಿದ ನೂರು ವರ್ಷ

ಹಣ್ಣು ನೊಣಕ್ಕೆ ಔಷಧಿ ಹೊಡೆದು ಹೊಡೆದು ಸೋತ ಬೆಳೆಗಾರರು ಎಲ್ಲ ದೇಶಗಳಲ್ಲೂ ಇದ್ದಾರೆ. ಅದಕ್ಕೆ ಕಾರಣ ನೊಣದ ಬದುಕಿನಲ್ಲೇ ಇದೆ. ಹೆಣ್ಣು ನೊಣ ಬಲಿಯುತ್ತಿರುವ ಕಾಯಿಯ ಸಿಪ್ಪೆಯನ್ನು ಸೂಜಿಯಂಥ ಅಂಗದಿಂದ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಬೆಚ್ಚಗಿನ ಹವೆಯಲ್ಲಿ ಒಂದೆರಡು ದಿನಕ್ಕೆಲ್ಲ ಮೊಟ್ಟೆ ಒಡೆದು ಹುಳು ತಿರುಳನ್ನು ತಿನ್ನತೊಡಗುತ್ತದೆ. ವಾರವೋ ಹತ್ತು ದಿನವೋ ಕಳೆಯುವಷ್ಟರಲ್ಲಿ ಹಣ್ಣು ಕೊಳೆತು ಉದುರುತ್ತದೆ. ಆಗ ಹುಳು ಹೊರಬಂದು ಕೆಲವೇ ಸೆಂಟಿಮೀಟರ್ ಆಳದ ಮಣ್ಣಿನಲ್ಲಿ ಕೋಶವಾಗುತ್ತದೆ. ಮೊಟ್ಟೆ ಮತ್ತು ಹುಳು ಹಣ್ಣಿನೊಳಗೆ, ಕೋಶ ನೆಲದೊಳಗೆ. ಎಲೆಯ ಮೇಲೆ ಬಿದ್ದ ಔಷಧಿಗೆ ಸಿಗುವುದು ಹಾರಾಡುವ ನೊಣ ಮಾತ್ರ. ಅದು ಸತ್ತರೆ ಬೇಲಿಯಾಚೆಯಿಂದ ಇನ್ನೊಂದು ಬರುತ್ತದೆ.

ಈ ನೊಣವನ್ನು ಹಣಿಯಲು ಸಾಧ್ಯವಾದಾಗಲೆಲ್ಲ ಅದು ಅದರ ನಡವಳಿಕೆಯನ್ನು ಯಾರೋ ತಾಳ್ಮೆಯಿಂದ ಗಮನಿಸಿದ್ದರ ಫಲ. ಅಂಥ ಮೊದಲ ದೊಡ್ಡ ಸುಳಿವು ಸಿಕ್ಕಿದ್ದು ಬಿಹಾರದ ಪೂಸಾದಲ್ಲಿ. ಅಲ್ಲಿನ ಕೃಷಿ ಸಂಶೋಧನಾ ಸಂಸ್ಥೆಯಲ್ಲಿದ್ದ ಕೀಟತಜ್ಞ ಎಫ್. ಎಂ. ಹೌಲೆಟ್, ಸಿಟ್ರೊನೆಲ್ಲಾ ಎಣ್ಣೆಯ ವಾಸನೆಗೆ ಹಣ್ಣು ನೊಣಗಳು ಮುತ್ತುವುದನ್ನು 1912ರಲ್ಲಿ ವರದಿ ಮಾಡಿದರು. ಬಂದವೆಲ್ಲ ಗಂಡುಗಳೇ. ಎಣ್ಣೆಯಲ್ಲಿರುವ ಯಾವ ಅಂಶ ಅವನ್ನು ಸೆಳೆಯುತ್ತಿದೆ ಎಂದು ಹುಡುಕುತ್ತ ಹೋದ ಹೌಲೆಟ್, 1915ರ ಹೊತ್ತಿಗೆ ಮಿಥೈಲ್ ಯೂಜಿನಾಲ್ ಎಂಬ ರಾಸಾಯನಿಕಕ್ಕೆ ಬಂದು ಮುಟ್ಟಿದರು. ಇಂದು ತೋಟಗಳಲ್ಲಿ ತೂಗುವ ಎಷ್ಟೋ ಮೋಹಕ ಬಲೆಗಳಲ್ಲಿರುವುದು ಇದೇ ವಸ್ತು.

ಗಂಡುಗಳೇ ಏಕೆ ಬರುತ್ತವೆ ಎಂಬ ಪ್ರಶ್ನೆಗೆ ಉತ್ತರ ಸಿಗಲು ದಶಕಗಳೇ ಬೇಕಾದವು. ತುಳಸಿಯ ಕೆಲವು ಬಗೆಗಳೂ ಸೇರಿ ಅನೇಕ ಗಿಡಗಳಲ್ಲಿ ಮಿಥೈಲ್ ಯೂಜಿನಾಲ್ ಇದೆ. ಗಂಡು ನೊಣ ಅದನ್ನು ಹೀರಿ ತನ್ನ ದೇಹದಲ್ಲಿ ಹೆಣ್ಣನ್ನು ಕರೆಯುವ ವಾಸನೆಯಾಗಿ ಮಾರ್ಪಡಿಸಿಕೊಳ್ಳುತ್ತದೆ. ಹಾಗೆ ಹೀರಿದ ಗಂಡಿಗೆ ಸಂಗಾತಿ ಸಿಗುವ ಸಾಧ್ಯತೆ ಹೆಚ್ಚು. ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವ ಸಂಗತಿ ಇದು. ಪ್ರಾಣವನ್ನೇ ಪಣಕ್ಕಿಟ್ಟು ಗಂಡುಗಳು ಬಲೆಗೆ ನುಗ್ಗುವುದು ಇದಕ್ಕಾಗಿಯೇ.

ಹೆಣ್ಣಿನ ದೌರ್ಬಲ್ಯ ಬೇರೆ. ಕೋಶದಿಂದ ಹೊರಬಂದ ಹೆಣ್ಣಿಗೆ ಮೊಟ್ಟೆ ಬಲಿಯಲು ಪ್ರೋಟೀನ್ ಬೇಕು. ಅದನ್ನು ಹುಡುಕುತ್ತ ಅದು ದಿನಗಟ್ಟಲೆ ಅಲೆಯುತ್ತದೆ. ನೊಣದ ಹಸಿವನ್ನೇ ಬಳಸಿಕೊಳ್ಳಲು 20ನೇ ಶತಮಾನದ ಮೊದಲ ವರ್ಷಗಳಲ್ಲಿ ಸಕ್ಕರೆ ಪಾಕಕ್ಕೆ ಸೀಸದ ಆರ್ಸೆನೇಟ್ ಬೆರೆಸಿ ಮರಗಳಿಗೆ ಎರಚುವ ರೂಢಿ ದಕ್ಷಿಣ ಆಫ್ರಿಕಾದಲ್ಲಿ ಇತ್ತು. 1929ರಲ್ಲಿ ಆಫ್ರಿಕಾ ಮೂಲದ ಮೆಡಿಟರೇನಿಯನ್ ಹಣ್ಣು ನೊಣ ಫ್ಲೋರಿಡಾದಲ್ಲಿ ಕಾಣಿಸಿಕೊಂಡಾಗ ಬಳಸಿದ್ದೂ ಅಂಥದೇ ವಿಷವನ್ನು. ಆಗ ರಸ್ತೆಗಳಲ್ಲಿ ಕಾವಲು ಕುಳಿತು ಹಣ್ಣಿನ ಸಾಗಣೆ ತಡೆದರು, ಸೋಂಕಿತ ಪ್ರದೇಶದ ಹಣ್ಣನ್ನೆಲ್ಲ ನಾಶಪಡಿಸಿದರು. ನೊಣ ಮರುವರ್ಷವೇ ಅಳಿಯಿತು, ಆದರೆ ಬೆಳೆಗಾರರು ತೆತ್ತ ಬೆಲೆ ದೊಡ್ಡದು. 1950ರ ದಶಕದಲ್ಲಿ ಹವಾಯಿಯ ಪ್ರಯೋಗಗಳಿಂದ ಪ್ರೋಟೀನ್ ಆಮಿಷಕ್ಕೆ ಕೀಟನಾಶಕ ಬೆರೆಸುವ ವಿಧಾನ ಬಂತು. ಇದರ ಲಾಭ ಸ್ಪಷ್ಟ: ಇಡೀ ಮರವನ್ನು ತೋಯಿಸಬೇಕಿಲ್ಲ, ಅಲ್ಲಲ್ಲಿ ಒಂದಿಷ್ಟು ಹನಿಸಿದರೆ ಸಾಕು, ನೊಣವೇ ಹುಡುಕಿಕೊಂಡು ಬರುತ್ತದೆ. ಈಗ ಆಮಿಷಕ್ಕೆ ಬೆರೆಸುತ್ತಿದ್ದ ಮೆಲಾಥಿಯಾನ್ ಎಂಬ ಕೀಟನಾಶಕದ ಜಾಗಕ್ಕೆ ಮಣ್ಣಿನ ಬ್ಯಾಕ್ಟೀರಿಯಾದಿಂದ ಪಡೆದ ಸ್ಪೈನೋಸ್ಯಾಡ್ ಬರುತ್ತಿದೆ. ಬಹಳ ಹಿಂದೆಯೇ ಆಗಬೇಕಿದ್ದ ಬದಲಾವಣೆ ಅದು.

ಮಿಥೈಲ್ ಯೂಜಿನಾಲ್‌ನ ಪೂರ್ಣ ಶಕ್ತಿ ತಿಳಿದದ್ದು ಪೆಸಿಫಿಕ್‌ನ ರೋಟಾ ಎಂಬ ಪುಟ್ಟ ದ್ವೀಪದಲ್ಲಿ. ಅಮೆರಿಕದ ಕೀಟತಜ್ಞ ಎಲ್. ಎಫ್. ಸ್ಟೈನರ್ ಮತ್ತು ಸಂಗಡಿಗರು ಮಿಥೈಲ್ ಯೂಜಿನಾಲ್ ಮತ್ತು ನೇಲೆಡ್ ಕೀಟನಾಶಕದಲ್ಲಿ ಅದ್ದಿದ ನಾರುಹಲಗೆಯ ಚೂರುಗಳನ್ನು ವಿಮಾನದಿಂದ ದ್ವೀಪದ ಮೇಲೆಲ್ಲ ಉದುರಿಸಿದರು. ಏಷ್ಯಾ ಮೂಲದ ಓರಿಯೆಂಟಲ್ ಹಣ್ಣು ನೊಣ ಅಲ್ಲಿ ನಿರ್ನಾಮವಾದದ್ದು 1965ರಲ್ಲಿ ವರದಿಯಾಯಿತು. ಇಲ್ಲಿ ಒಂದು ಲೆಕ್ಕ ಮುಖ್ಯ. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡಬಲ್ಲದು. ಹಾಗಾಗಿ ನೂರರಲ್ಲಿ ಎಂಬತ್ತು ಗಂಡು ಸತ್ತರೂ ಮೊಟ್ಟೆಗಳ ಸಂಖ್ಯೆ ಹೆಚ್ಚೇನೂ ಇಳಿಯದು. ಹೆಚ್ಚುಕಡಿಮೆ ಎಲ್ಲ ಗಂಡುಗಳೂ ಸಾಯಬೇಕು. ಸುತ್ತ ಸಮುದ್ರವಿದ್ದ ರೋಟಾದಲ್ಲಿ ಅದು ಆಯಿತು. ಸುತ್ತಲಿನವರು ಸುಮ್ಮನಿದ್ದು ಒಬ್ಬರೇ ನಾಲ್ಕು ಬಲೆ ಕಟ್ಟಿದರೆ ಆಗುವುದಿಲ್ಲ. ಬಲೆ ತುಂಬ ನೊಣ ಬಿದ್ದದ್ದನ್ನು ಕಂಡು ಹಿಗ್ಗಿದವರು ಕೊಯ್ಲಿನಲ್ಲಿ ಹುಳು ಕಂಡು ಕಂಗಾಲಾಗುವುದು ಇದರಿಂದಲೇ.

ಎಲ್ಲ ಹಣ್ಣು ನೊಣಗಳೂ ಈ ವಾಸನೆಗೆ ಮರುಳಾಗುವುದಿಲ್ಲ. ಸೌತೆ, ಹಾಗಲ ಜಾತಿಗಳನ್ನು ಕಾಡುವ ನೊಣ ಕ್ಯೂ ಲೂರ್ ಎಂಬ ಬೇರೆ ಆಕರ್ಷಕಕ್ಕೆ ಬರುತ್ತದೆ, ಅದರ ಸೆಳೆತವೂ ಅಷ್ಟು ಬಲವಾದದ್ದಲ್ಲ. ಅದನ್ನು ಅಳಿಸಲು ಜಪಾನ್ 1972ರಿಂದ ಒಕಿನಾವಾದ ದ್ವೀಪಗಳಲ್ಲಿ ಇನ್ನೊಂದು ದಾರಿ ಹಿಡಿಯಿತು. ಕಾರ್ಖಾನೆಯಲ್ಲಿ ನೊಣಗಳನ್ನು ಸಾಕಿ, ಕೋಶಗಳಿಗೆ ಗಾಮಾ ಕಿರಣ ಹಾಯಿಸಿ, ಸಂತಾನಶಕ್ತಿ ಕಳೆದುಕೊಂಡ ನೊಣಗಳನ್ನು ವಾರ ವಾರವೂ ಬಿಟ್ಟರು. ಇವುಗಳೊಡನೆ ಕೂಡಿದ ಕಾಡು ಹೆಣ್ಣುಗಳ ಮೊಟ್ಟೆ ಒಡೆಯುವುದಿಲ್ಲ. ಕುಮೆ ದ್ವೀಪ 1978ರಲ್ಲಿ ಮುಕ್ತವಾಯಿತು, ಕೊನೆಯ ದ್ವೀಪಗಳು 1993ರಲ್ಲಿ. ಒಟ್ಟು ಬಿಟ್ಟ ನೊಣಗಳು 5,000 ಕೋಟಿಗೂ ಹೆಚ್ಚು. ಇಷ್ಟು ಕಾಲ, ಇಷ್ಟು ಹಣ ಒಂದು ಸರ್ಕಾರಕ್ಕೆ ಸಾಧ್ಯ, ಒಬ್ಬ ರೈತನಿಗಲ್ಲ.

ಇತ್ತ ನೊಣವೂ ಸುಮ್ಮನೆ ಕೂತಿರಲಿಲ್ಲ. 2003ರಲ್ಲಿ ಕೆನ್ಯಾದಲ್ಲಿ ಪತ್ತೆಯಾದ ನೊಣವೊಂದು ಕೆಲವೇ ವರ್ಷಗಳಲ್ಲಿ ಆಫ್ರಿಕಾದ ಬಹುಭಾಗಕ್ಕೆ ಹಬ್ಬಿತು. 2005ರಲ್ಲಿ ಅದನ್ನು ಹೊಸ ಪ್ರಭೇದವೆಂದು ವರ್ಣಿಸಿದರು. ಅದು ಏಷ್ಯಾದ ಅದೇ ಹಳೆಯ ಓರಿಯೆಂಟಲ್ ಹಣ್ಣು ನೊಣವೆಂದು 2015ರಲ್ಲಿ ತೀರ್ಮಾನವಾಯಿತು.

ಹಾಗಾದರೆ ತೋಟದ ಮಟ್ಟದಲ್ಲಿ ಮಾಡಲಾಗುವುದೇನು? ಬಲೆಯೂ ಬೇಕು, ಆಮಿಷವೂ ಬೇಕು, ಅಕ್ಕಪಕ್ಕದವರು ಒಂದೇ ಕಾಲಕ್ಕೆ ಮಾಡಬೇಕು. ಇವೆಲ್ಲಕ್ಕಿಂತ ಮೊದಲು, ಉದುರಿದ ಹಣ್ಣನ್ನು ಆಯಬೇಕು. ಒಂದು ಕೊಳೆತ ಹಣ್ಣಿನಿಂದ ಹತ್ತಾರು ನೊಣ ಹುಟ್ಟುತ್ತವೆ. ಆಯ್ದ ಹಣ್ಣನ್ನು ಬದುವಿನ ಮೇಲೆ ರಾಶಿ ಹಾಕಿದರೆ ಉಪಯೋಗವಿಲ್ಲ, ಮೇಲುಮೇಲೆ ಮಣ್ಣೆಳೆದರೂ ಇಲ್ಲ, ತೆಳುವಾದ ಮಣ್ಣನ್ನು ಸೀಳಿ ನೊಣ ಮೇಲೆ ಬರುತ್ತದೆ. ಆಳವಾಗಿ ಹೂಳಬೇಕು, ಇಲ್ಲವೇ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಡಬೇಕು. ಹವಾಯಿಯಲ್ಲಿ ಇನ್ನೊಂದು ಜಾಣ ಉಪಾಯ ಬಳಕೆಗೆ ಬಂದಿದೆ. ಕೊಳೆತ ಹಣ್ಣನ್ನು ಸಣ್ಣ ಕಣ್ಣಿನ ಬಲೆಯ ಗುಡಾರದೊಳಗೆ ಹಾಕಿ ಮುಚ್ಚುತ್ತಾರೆ. ಒಳಗೆ ಹುಟ್ಟಿದ ನೊಣ ದಪ್ಪವಾದ್ದರಿಂದ ಹೊರಬರಲಾಗದೆ ಸಾಯುತ್ತದೆ, ಅದರ ಹುಳುವನ್ನೇ ತಿಂದು ಬೆಳೆದ ಸಣ್ಣ ಪರಾವಲಂಬಿ ಕಣಜಗಳು ಬಲೆಯ ಕಣ್ಣಿನಿಂದ ನುಸುಳಿ ತೋಟ ಸೇರುತ್ತವೆ.