ಓದುಗರ ಪ್ರಶ್ನೆ: ನಾಟಕವನ್ನೇ ಶೂಟ್ ಮಾಡಿದ್ರೆ ಸಾಕಲ್ವಾ, ಮ್ಯೂಸಿಕಲ್‌ಗಳನ್ನು ಸಿನಿಮಾ ಯಾಕೆ ಮಾಡಬೇಕು?

ಪ್ರಶ್ನೆ: "ವಿಕೆಡ್ ನೋಡಿ ತುಂಬ ಖುಷಿಯಾಯ್ತು. ಆದರೆ ಕ್ಯಾಟ್ಸ್ ನೋಡೋಕೆ ಕೂತು ಅರ್ಧಕ್ಕೇ ನಿಲ್ಲಿಸಿದ್ದೆ. ಬ್ರಾಡ್‌ವೇ ಮ್ಯೂಸಿಕಲ್‌ಗಳು ಮುಂದೆಯೂ ಸಿನಿಮಾ ಆಗ್ತಾ ಇರುತ್ತವಾ? ಅಷ್ಟೊಂದು ದುಡ್ಡು ಸುರಿಯೋ ಬದಲು ಹ್ಯಾಮಿಲ್ಟನ್ ತರ ನಾಟಕವನ್ನೇ ಶೂಟ್ ಮಾಡಿ ತೋರಿಸಿದ್ರೆ ಸಾಕಲ್ವಾ?"

ಇದು ಆಗಾಗ ಬರುವ ಪ್ರಶ್ನೆ. (ಮ್ಯೂಸಿಕಲ್ ಅಂದರೆ ಹಾಡುಗಳ ಮೂಲಕವೇ ಕಥೆ ಹೇಳುವ ನಾಟಕ, ಬ್ರಾಡ್‌ವೇ ಅಂದರೆ ಅಂಥ ನಾಟಕಗಳು ನಡೆಯುವ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳು.) ಚಿಕ್ಕ ಉತ್ತರ: ಆಗ್ತಾನೇ ಇರುತ್ತವೆ, ಮತ್ತು ಶೂಟ್ ಮಾಡಿದ ನಾಟಕಗಳೂ ಜಾಸ್ತಿ ಆಗುತ್ತವೆ. ಆದರೆ ಒಂದು ಇದ್ದರೆ ಇನ್ನೊಂದು ಬೇಡ ಅಂತ ಅಲ್ಲ. ಶೂಟ್ ಮಾಡಿದ್ದು ನಾಟಕವನ್ನು ಇದ್ದ ಹಾಗೇ ಎತ್ತಿಡುತ್ತದೆ. ಸಿನಿಮಾ ಅದನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಬೇಕು. ಹಾಗೆ ಕಟ್ಟುವವರು ಒಂದು ಪ್ರಶ್ನೆಗೆ ಉತ್ತರ ಇಟ್ಟುಕೊಂಡೇ ಕೆಲಸ ಶುರು ಮಾಡಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಈ ಪಾತ್ರ ಯಾರಿಗೋಸ್ಕರ ಹಾಡುತ್ತಿದೆ?

ರಂಗದ ಮೇಲೆ ಈ ಪ್ರಶ್ನೆ ಏಳುವುದೇ ಇಲ್ಲ. ನಟಿ ಮುಂದೆ ಬಂದು ನಿಲ್ಲುತ್ತಾಳೆ. ಎದುರಿಗೆ ಕತ್ತಲಲ್ಲಿ ನೂರಾರು ಜನ ಕೂತಿದ್ದಾರೆ ಅಂತ ಅವಳಿಗೆ ಗೊತ್ತು. ಅವಳು ಅವರ ಕಡೆ ಮುಖ ಮಾಡಿಯೇ ಹಾಡುತ್ತಾಳೆ, ಕೊನೆಯ ಸ್ವರವನ್ನು ಉಸಿರು ಇರುವ ತನಕ ಹಿಡಿಯುತ್ತಾಳೆ, ವಾದ್ಯಗಳು ಒಂದೇ ಏಟಿಗೆ ನಿಲ್ಲುತ್ತವೆ, ಚಪ್ಪಾಳೆ ಬೀಳುತ್ತದೆ. ಆ ಚಪ್ಪಾಳೆಗೆ ಸಂಗೀತ ಬರೆಯುವಾಗಲೇ ಜಾಗ ಬಿಟ್ಟಿರುತ್ತಾರೆ. ಸಿನಿಮಾದಲ್ಲಿ ಅದೇ ಹಾಡು ಮುಗಿದಾಗ ಆ ಜಾಗ ಖಾಲಿ ಉಳಿಯುತ್ತದೆ. ಪಾತ್ರ ಹಾಡಿ ಮುಗಿಸಿ ಸುಮ್ನೆ ನಿಂತಿರುತ್ತದೆ, ನೋಡುವವರಿಗೆ ಒಂಥರಾ ಮುಜುಗರ. "ಇವರು ಇದ್ದಕ್ಕಿದ್ದ ಹಾಗೆ ಯಾಕೆ ಹಾಡ್ತಾರೆ" ಅನ್ನೋ ದೂರು ಹುಟ್ಟುವುದು ಬಹುಪಾಲು ಅಲ್ಲೇ.

ನಮಗೆ ಈ ಮುಜುಗರ ಕಡಿಮೆ, ಅಲ್ವಾ? ಅದಕ್ಕೆ ಕಾರಣ ಇದೆ. ಕನ್ನಡ ಸಿನಿಮಾ ಹಾಡುವ ನಾಟಕದ ಮಡಿಲಲ್ಲೇ ಬೆಳೆದದ್ದು. 1934ರಲ್ಲಿ ಬಂದ ಮೊದಲ ಟಾಕಿ 'ಸತಿ ಸುಲೋಚನಾ'ದ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ಇಬ್ಬರೂ ಕಂಪನಿ ನಾಟಕದವರು. 1954ರಲ್ಲಿ ರಾಜ್‌ಕುಮಾರ್ ನಾಯಕರಾಗಿ ಬಂದ 'ಬೇಡರ ಕಣ್ಣಪ್ಪ' ಗುಬ್ಬಿ ಕಂಪನಿಯವರು ಆಡುತ್ತಿದ್ದ ನಾಟಕ. ಒನ್ಸ್ ಮೋರ್ ಅಂತ ಕೂಗಿ ಹಾಡನ್ನು ಮತ್ತೆ ಹಾಡಿಸುತ್ತಿದ್ದ ಜನರೇ ಟಾಕೀಸಿಗೂ ಬಂದರು. ಅವರಿಗೆ ಪಾತ್ರ ಹಾಡೋದು ಮಾತಾಡೋದಷ್ಟೇ ಸಹಜ. ಅಮೆರಿಕದ ಪ್ರೇಕ್ಷಕರಿಗೆ ಈ ಅಭ್ಯಾಸ ನಡುವೆ ಎಲ್ಲೋ ತಪ್ಪಿಹೋಯಿತು. 1960ರ ದಶಕದಲ್ಲಿ 'ವೆಸ್ಟ್ ಸೈಡ್ ಸ್ಟೋರಿ', 'ಮೈ ಫೇರ್ ಲೇಡಿ', 'ದಿ ಸೌಂಡ್ ಆಫ್ ಮ್ಯೂಸಿಕ್' ಮೂರೂ ನಾಟಕದಿಂದ ಸಿನಿಮಾ ಆಗಿ ಮೂರೂ ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದವು. ಅದನ್ನು ನೋಡಿ ಸ್ಟುಡಿಯೋಗಳು ಇನ್ನೂ ದೊಡ್ಡದು, ಇನ್ನೂ ಉದ್ದದ್ದು ಮಾಡಹೊರಟು ಕೈ ಸುಟ್ಟುಕೊಂಡವು.

ಆಗ ಬಂದದ್ದು 1972ರ 'ಕ್ಯಾಬರೆ'. ನಿರ್ದೇಶಕ ಬಾಬ್ ಫಾಸಿ ನಾಟಕದಲ್ಲಿ ಮನೆಯೊಳಗೆ, ಕೋಣೆಯೊಳಗೆ ಪಾತ್ರಗಳು ಹಾಡುತ್ತಿದ್ದ ಹಾಡುಗಳನ್ನೆಲ್ಲ ಕಿತ್ತುಹಾಕಿದರು. ಹಾಡು ಏನಿದ್ದರೂ ಕಥೆ ನಡೆಯುವ ಬರ್ಲಿನ್ನಿನ ನೈಟ್ ಕ್ಲಬ್ಬಿನ ವೇದಿಕೆಯ ಮೇಲೆ. ಅಲ್ಲಿ ಕೇಳೋಕೆ ಜನ ಕೂತಿದ್ದಾರೆ, ಹಾಡೋಕೆ ಕಾರಣ ಇದೆ. ಕ್ಲಬ್ಬಿನ ಆಚೆ ದೊಡ್ಡದಾಗಿ ಏಳುವ ಹಾಡು ಒಂದೇ. ಬಿಸಿಲು ಬಿದ್ದ ಒಂದು ಬಿಯರ್ ತೋಟ. ಹೊಂಬಣ್ಣದ ಕೂದಲಿನ ಹುಡುಗನ ಮುಖ, ಎಳೆಯ ಇಂಪಾದ ದನಿ. ಕ್ಯಾಮೆರಾ ನಿಧಾನಕ್ಕೆ ಕೆಳಗಿಳಿದಾಗ ತೋಳಿನ ಮೇಲೆ ನಾಜಿಗಳ ಸ್ವಸ್ತಿಕದ ಪಟ್ಟಿ ಕಾಣುತ್ತದೆ. ಒಬ್ಬೊಬ್ಬರಾಗಿ ಊರವರು ಎದ್ದು ನಿಂತು ದನಿ ಸೇರಿಸುತ್ತಾರೆ. ಒಬ್ಬ ಮುದುಕ ಮಾತ್ರ ಕೂತೇ ಇರುತ್ತಾನೆ. "ಯಾಕೆ ಹಾಡ್ತಾರೆ" ಅಂತ ಅಲ್ಲಿ ಯಾರೂ ಕೇಳುವುದಿಲ್ಲ, ಹಾಡು ಯಾರನ್ನು ಕರೆಯುತ್ತಿದೆ ಅಂತ ಗೊತ್ತಾಗಿ ಮೈ ತಣ್ಣಗಾಗಿರುತ್ತದೆ. ಆ ಸಿನಿಮಾಗೆ 8 ಆಸ್ಕರ್ ಬಂತು.

ಮೂವತ್ತು ವರ್ಷ ಆದಮೇಲೆ, 2002ರ 'ಶಿಕಾಗೋ' ಇನ್ನೊಂದು ಉತ್ತರ ಹುಡುಕಿತು. ಜೈಲಲ್ಲಿರುವ ಹೆಂಗಸು ತನ್ನ ತಲೆಯೊಳಗೇ ಒಂದು ವೇದಿಕೆ ಕಟ್ಟಿಕೊಂಡು ಅಲ್ಲಿ ಹಾಡುತ್ತಾಳೆ. ಅದಕ್ಕೆ ಅತ್ಯುತ್ತಮ ಚಿತ್ರದ ಆಸ್ಕರ್. ಹಾಗಂತ ಈ ಉಪಾಯ ಮಾಡಿದವರೆಲ್ಲ ಗೆದ್ದರು ಅಂತಲ್ಲ. 'ಕಿಸ್ ಆಫ್ ದ ಸ್ಪೈಡರ್ ವುಮನ್' 2025ರಲ್ಲಿ ಹೆಚ್ಚುಕಡಿಮೆ ಇದೇ ದಾರಿ ಹಿಡಿಯಿತು, ಜನ ಥಿಯೇಟರಿಗೆ ಬರಲಿಲ್ಲ.

ಇನ್ನು ದನಿಯ ವಿಷಯ. ನಾವು ಹಿನ್ನೆಲೆ ಗಾಯನ ನಮ್ಮ ಕಡೆಯದ್ದು ಮಾತ್ರ ಅಂದುಕೊಂಡಿರುತ್ತೇವೆ. 1964ರ 'ಮೈ ಫೇರ್ ಲೇಡಿ'ಯಲ್ಲಿ ಆಡ್ರಿ ಹೆಪ್‌ಬರ್ನ್ ತುಟಿ ಆಡಿಸಿದ ಹಾಡುಗಳನ್ನು ಬಹುಪಾಲು ಹಾಡಿದ್ದು ಮಾರ್ನಿ ನಿಕ್ಸನ್. 'ವೆಸ್ಟ್ ಸೈಡ್ ಸ್ಟೋರಿ'ಯ ನಟಾಲಿ ವುಡ್‌ಗೂ, 'ದಿ ಕಿಂಗ್ ಅಂಡ್ ಐ' ಚಿತ್ರದ ಡೆಬೊರಾ ಕೆರ್‌ಗೂ ಇದೇ ಹೆಂಗಸಿನ ಕಂಠ. ನಮ್ಮಲ್ಲಿ ಪಿ. ಸುಶೀಲಾ, ಎಸ್. ಜಾನಕಿ ಅಂದರೆ ಮನೆಮಾತು. ಅಲ್ಲಿ ತೆರೆಯ ಮೇಲೆ ನಿಕ್ಸನ್ ಹೆಸರೂ ಬರಲಿಲ್ಲ. ಇದು ನನಗೆ ಇವತ್ತಿಗೂ ಬೇಸರದ ಸಂಗತಿ.

2012ರ 'ಲೆ ಮಿಸರಾಬ್ಲ್' ಇದನ್ನು ಪೂರ್ತಿ ತಿರುಗಿಸಿತು. ನಟರು ಸೆಟ್ಟಿನಲ್ಲೇ, ಕ್ಯಾಮೆರಾ ಓಡುತ್ತಿರುವಾಗಲೇ ಹಾಡಿದರು. ಕಿವಿಯೊಳಗೆ ಒಂದು ಪುಟ್ಟ ಸಾಧನ, ಅದರಲ್ಲಿ ಬರೀ ಪಿಯಾನೋ ಕೇಳಿಸುತ್ತದೆ. ಪಿಯಾನೋ ನುಡಿಸುವವರು ನಟರನ್ನು ಹಿಂಬಾಲಿಸುತ್ತಾರೆ, ಆರ್ಕೆಸ್ಟ್ರಾ ಆಮೇಲೆ ಸೇರುತ್ತದೆ. ಹಾಗಾಗಿ ಆನ್ ಹ್ಯಾಥವೇ, ಕತ್ತರಿಸಿದ ಕೂದಲಲ್ಲಿ, ಒಂದೇ ಶಾಟ್‌ನಲ್ಲಿ 'ಐ ಡ್ರೀಮ್ಡ್ ಎ ಡ್ರೀಮ್' ಹಾಡು ಹಾಡುವಾಗ ಎಲ್ಲಿ ಬಿಕ್ಕಬೇಕು, ಎಲ್ಲಿ ಸಾಲು ಎಳೆಯಬೇಕು ಅನ್ನೋದು ಅವರ ಕೈಯಲ್ಲೇ ಇತ್ತು. ದನಿ ಒಡೆಯುತ್ತದೆ, ಶ್ರುತಿ ಸ್ವಲ್ಪ ಜಾರುತ್ತದೆ, ಅದೇ ಎದೆಗೆ ನಾಟುತ್ತದೆ. ಯಾರಿಗೋಸ್ಕರ ಹಾಡ್ತಾಳೆ? ಒಂದು ಮೊಳ ದೂರದಲ್ಲಿರುವ ನನಗೆ, ನಿಮಗೆ. ರಂಗದಲ್ಲಿ ಹಿಂದಿನ ಸಾಲಿನಲ್ಲಿ ಕೂತವರಿಗೆ ಈ ಮುಖ ಇಷ್ಟು ಹತ್ತಿರ ಸಿಗುವುದೇ ಇಲ್ಲ. ಸುಮಾರು 6 ಕೋಟಿ ಡಾಲರ್ ಹಾಕಿದ ಸಿನಿಮಾ 44 ಕೋಟಿ ಡಾಲರ್ ತಂದಿತು.

ಅದೇ ನಿರ್ದೇಶಕ ಟಾಮ್ ಹೂಪರ್ 2019ರಲ್ಲಿ 'ಕ್ಯಾಟ್ಸ್' ಮಾಡಿದರು. ನೀವು ಅರ್ಧಕ್ಕೆ ನಿಲ್ಲಿಸಿದ್ದು ನಿಮ್ಮ ತಪ್ಪಲ್ಲ. ರಂಗದ ಮೇಲೆ ಬಿಗಿ ಉಡುಪು, ಬಣ್ಣ ಬಳಿದ ಮುಖ, ಒಂದು ಬಾಲ ಇಷ್ಟೇ ಇರುತ್ತದೆ. ಉಳಿದ ಬೆಕ್ಕನ್ನು ನೋಡುವವರು ತಮ್ಮ ಮನಸ್ಸಿನಲ್ಲೇ ತುಂಬಿಕೊಳ್ಳುತ್ತಾರೆ. ಯಕ್ಷಗಾನದಲ್ಲಿ ರಂಗದ ಸುತ್ತ ಎರಡು ಸುತ್ತು ಬಂದರೆ ಕಾಡು ದಾಟಿದ ಹಾಗೆ ಅಂತ ನಾವು ಒಪ್ಪಿಕೊಳ್ಳುತ್ತೇವಲ್ಲ, ಹಾಗೆ. ಸಿನಿಮಾದಲ್ಲಿ ಕಂಪ್ಯೂಟರ್ ಒಂದೊಂದು ರೋಮವನ್ನೂ ಬಿಡಿಸಿ ತೋರಿಸಿತು, ನೋಡುವವರಿಗೆ ಮಾಡೋಕೆ ಕೆಲಸವೇ ಉಳಿಯಲಿಲ್ಲ. ಬಿಡುಗಡೆ ಆದಮೇಲೆ ಗ್ರಾಫಿಕ್ಸ್ ತಿದ್ದಿದ ಹೊಸ ಪ್ರತಿಯನ್ನು ಥಿಯೇಟರ್‌ಗಳಿಗೆ ಕಳಿಸಬೇಕಾಯಿತು. 9 ಕೋಟಿ ಡಾಲರಿಗೂ ಜಾಸ್ತಿ ಖರ್ಚು, ಬಂದದ್ದು ಅದಕ್ಕಿಂತ ಕಡಿಮೆ.

ಈಗ 'ವಿಕೆಡ್'ಗೆ ಬರೋಣ. ನಾಟಕ 2003ರಿಂದ ಬ್ರಾಡ್‌ವೇಯಲ್ಲಿ ನಡೆಯುತ್ತಲೇ ಇದೆ. ಅದರ ಮೊದಲ ಅಂಕದ ಕೊನೆಯ ಹಾಡಿನಲ್ಲಿ ಹಸಿರು ಮೈಯ ಮಾಟಗಾತಿ ಎಲ್ಫಬಾ ಮೇಲಕ್ಕೇರುತ್ತಾಳೆ. ಕೆಳಗೆ ಯಂತ್ರ ಅವಳನ್ನು ಎತ್ತುತ್ತದೆ, ಕಪ್ಪು ನಿಲುವಂಗಿ ಹರಡಿಕೊಳ್ಳುತ್ತದೆ, ಹೊಗೆ, ಬೆಳಕು, ಕೊನೆಯ ಸ್ವರ, ಕತ್ತಲು. ಯಂತ್ರ ಇದೆ ಅಂತ ಎಲ್ಲರಿಗೂ ಗೊತ್ತು, ಆದರೂ ಮೈ ಜುಮ್ಮೆನ್ನುತ್ತದೆ. ಸಿನಿಮಾದಲ್ಲಿ ಹಾರೋದು ಏನು ಮಹಾ? ಯಾರು ಬೇಕಾದರೂ ಹಾರುತ್ತಾರೆ. ನಿರ್ದೇಶಕ ಜಾನ್ ಎಂ. ಚು ಮಾಡಿದ್ದು ಏನೆಂದರೆ, ಹಾಡನ್ನು ನಡುನಡುವೆ ನಿಲ್ಲಿಸಿ, ಅವಳನ್ನು ಮೊದಲು ಕೆಳಕ್ಕೆ ಬೀಳಿಸಿದರು. ಗೋಪುರದಿಂದ ಬೀಳುತ್ತಿರುವಾಗ ಗಾಜಿನಲ್ಲಿ ತನ್ನದೇ ಬಾಲ್ಯದ ಮುಖ ಕಾಣುತ್ತದೆ, ಎಲ್ಲರೂ ದೂರ ತಳ್ಳಿದ್ದ ಆ ಪುಟ್ಟ ಹುಡುಗಿಯ ಮುಖ. ಅವಳು ಹಾಡುತ್ತಿರುವುದು ಆ ಮಗುವಿಗೆ. ಆಮೇಲೆ ಪೊರಕೆ ಕೈಗೆ ಸಿಗುತ್ತದೆ, ಆಮೇಲೆ ಹಾರಾಟ. ಸಿಂಥಿಯಾ ಎರಿವೊ ತಂತಿಯಲ್ಲಿ ತೂಗಾಡಿಕೊಂಡೇ ಅದನ್ನು ಲೈವ್ ಆಗಿ ಹಾಡಿದರು. ರಂಗದಲ್ಲಿ ಎದುರು ಕೂತವರು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಆ ಮಗು ಮಾಡಿತು. ಬಿಚ್ಚಿ ಕಟ್ಟುವುದು ಅಂದೆನಲ್ಲ, ಅದು ಇದು.

ಅಲ್ಲಿಗೇ ಸಿನಿಮಾ ಮುಗಿಯುತ್ತದೆ, ಅಂದರೆ ನಾಟಕದ ಇಂಟರ್‌ವಲ್‌ನಲ್ಲಿ. ಮೊದಲ ಭಾಗ 2024ರ ನವೆಂಬರ್‌ನಲ್ಲಿ ಬಂದು 75 ಕೋಟಿ ಡಾಲರ್ ದಾಟಿತು. ಎರಡನೆಯದು ಒಂದು ವರ್ಷ ಬಿಟ್ಟು ಬಂತು, 50 ಕೋಟಿ ದಾಟಿದರೂ ಮೊದಲಿನ ಉತ್ಸಾಹ ಇರಲಿಲ್ಲ. ನಾಟಕದಲ್ಲೂ ಎರಡನೇ ಅಂಕ ಸಣ್ಣದು, ಅವಸರದ್ದು. ಹದಿನೈದು ನಿಮಿಷದ ಇಂಟರ್‌ವಲ್ ಆದಮೇಲೆ ಅದು ಓಡುತ್ತದೆ, ಒಂದು ವರ್ಷದ ಇಂಟರ್‌ವಲ್ ಆದಮೇಲೆ ಅದೇ ಕಥೆ ತೆಳುವಾಗಿ ಕಂಡಿತು. ಎರಡು ಹೊಸ ಹಾಡು ಸೇರಿಸಿದರೂ ಅದು ತುಂಬಲಿಲ್ಲ. ಮುಂದೆ ಯಾರಾದರೂ ಲಾಭ ನೋಡಿ ನಾಟಕವನ್ನು ಎರಡು ಸಿನಿಮಾ ಮಾಡಹೊರಟರೆ ಇದನ್ನು ನೆನಪಿಟ್ಟುಕೊಳ್ಳಬೇಕು.

ದುಡ್ಡಿನ ಮಾತಿಗೆ ಬಂದರೆ, ಹಳೆಯ ಭಯ ಒಂದಿತ್ತು: ಸಿನಿಮಾ ಬಂದರೆ ನಾಟಕದ ಟಿಕೆಟ್ ಬೀಳುತ್ತೆ ಅಂತ. ಆಗಿದ್ದು ಉಲ್ಟಾ. ಸಿನಿಮಾ ಬಂದ ವರ್ಷದ ಕೊನೆಯ ವಾರದಲ್ಲಿ 'ವಿಕೆಡ್' ನಾಟಕ 50 ಲಕ್ಷ ಡಾಲರ್‌ಗೂ ಜಾಸ್ತಿ ಗಳಿಸಿತು, ಬ್ರಾಡ್‌ವೇಯಲ್ಲಿ ಒಂದು ವಾರಕ್ಕೆ ಅಷ್ಟು ಗಳಿಸಿದ ಮೊದಲ ನಾಟಕ ಅದು. ಹಾಗಾಗಿ ಹಕ್ಕು ಕೊಡೋಕೆ ಹಿಂಜರಿಯುತ್ತಿದ್ದವರು ಇನ್ನು ಅಷ್ಟು ಹಿಂಜರಿಯುವುದಿಲ್ಲ ಅನಿಸುತ್ತದೆ. ಇನ್ನೊಂದು ಭಯ ಹಾಗೇ ಇದೆ. 2021ರಲ್ಲಿ ಸ್ಪೀಲ್‌ಬರ್ಗ್ ಅವರ ಹೊಸ 'ವೆಸ್ಟ್ ಸೈಡ್ ಸ್ಟೋರಿ' ಬಂತು. ವಿಮರ್ಶಕರು ಮೆಚ್ಚಿದರು, 10 ಕೋಟಿ ಡಾಲರ್ ಖರ್ಚಾಗಿತ್ತು, ಬಂದದ್ದು 7.6 ಕೋಟಿ. ಕೋವಿಡ್ ಕಾಲ ಅನ್ನೋದು ನಿಜ. ಆದರೂ ಸ್ಟುಡಿಯೋಗಳು ಹೆದರಿದವು. 'ಮೀನ್ ಗರ್ಲ್ಸ್' 2024ರಲ್ಲಿ ಬಂದಾಗ ಟ್ರೇಲರ್‌ನಲ್ಲಿ ಪಾತ್ರಗಳು ಹಾಡುವುದನ್ನೇ ತೋರಿಸಲಿಲ್ಲ. ಹಾಡುವ ಸಿನಿಮಾ ಅಂತ ಹೇಳೋಕೆ ನಾಚಿಕೊಂಡರೆ ಅದನ್ನು ಮಾಡುವುದಾದರೂ ಯಾಕೆ? ಟಿಕೆಟ್ ತಗೊಂಡವರಿಗೆ ಮೋಸ, ಹಾಡು ಬರೆದವರಿಗೂ ಅವಮಾನ.

ಈಗ ನಿಮ್ಮ ಎರಡನೇ ಮಾತು, ನಾಟಕವನ್ನೇ ಶೂಟ್ ಮಾಡೋದು. 'ಹ್ಯಾಮಿಲ್ಟನ್' ಅನ್ನು 2016ರ ಜೂನ್‌ನಲ್ಲಿ, ಮೂಲ ನಟರು ಬಿಟ್ಟುಹೋಗುವ ಮುಂಚೆ, ಅದು ನಡೆಯುತ್ತಿದ್ದ ಥಿಯೇಟರ್‌ನಲ್ಲೇ ಶೂಟ್ ಮಾಡಿದರು. ಜನ ತುಂಬಿದ ಪ್ರದರ್ಶನಗಳನ್ನೂ ಹಿಡಿದರು, ಕೆಲವು ಹಾಡುಗಳನ್ನು ಖಾಲಿ ಥಿಯೇಟರ್‌ನಲ್ಲಿ ಕ್ಯಾಮೆರಾ ಹತ್ತಿರ ಒಯ್ದೂ ಹಿಡಿದರು. ಡಿಸ್ನಿ ಅದಕ್ಕೆ 7.5 ಕೋಟಿ ಡಾಲರ್ ಕೊಟ್ಟಿತು ಅಂತ ಆಗ ವರದಿಯಾಗಿತ್ತು. 2020ರ ಜುಲೈ 3ಕ್ಕೆ, ಥಿಯೇಟರ್‌ಗಳೆಲ್ಲ ಮುಚ್ಚಿದ್ದಾಗ, ಅದು ಮನೆಮನೆಗೆ ಬಂತು. ಅದರಲ್ಲಿ ಚಪ್ಪಾಳೆ ಇದೆ, ನಗು ಇದೆ. ರಾಜನ ಪಾತ್ರದ ಜಾನಥನ್ ಗ್ರಾಫ್ ಹಾಡುವಾಗ ಉಗುಳು ಗಲ್ಲದ ಮೇಲೆ ಇಳಿಯುವುದೂ ಕಾಣುತ್ತದೆ. ಒರೆಸಿಕೊಳ್ಳದೆ ಹಾಡುತ್ತಲೇ ಇರುತ್ತಾರೆ. ನ್ಯೂಯಾರ್ಕಿಗೆ ಹೋಗಿ ದುಬಾರಿ ಟಿಕೆಟ್ ಕೊಳ್ಳಲಾಗದ ನಮ್ಮಂಥವರಿಗೆ ಇದು ದೊಡ್ಡ ಉಪಕಾರ. ಎಲ್ಲ ಒಳ್ಳೆಯ ನಾಟಕಗಳೂ ಹೀಗೆ ದಾಖಲಾಗಬೇಕು ಅಂತ ನನ್ನ ಆಸೆ.

ಆದರೆ ಇದರಲ್ಲಿ ಹಾಡು ಕೇಳುತ್ತಿರುವವರು ಆ ದಿನ ಅಲ್ಲಿ ಕೂತಿದ್ದ ಜನ. ನಾವು ಅವರ ಹೆಗಲ ಮೇಲಿಂದ ಇಣುಕುತ್ತಿರುತ್ತೇವೆ. ಎಲ್ಫಬಾಗೆ ಗಾಜಿನಲ್ಲಿ ಕಂಡ ಆ ಮಗು ಇಲ್ಲಿ ಸಿಗುವುದಿಲ್ಲ, ಹ್ಯಾಥವೇಯ ಆ ಪಿಸುದನಿಯೂ ಸಿಗುವುದಿಲ್ಲ. ಅದಕ್ಕೇ "ಸಾಕಲ್ವಾ" ಅಂದರೆ, ಸಾಲದು ಅಂತ ನನ್ನ ಉತ್ತರ.

ಎರಡು ದಾರಿಯನ್ನೂ ಒಟ್ಟಿಗೆ ನೋಡಬೇಕಾದರೆ ಸಂಗೀತ ಸಂಯೋಜಕ ಸ್ಟೀಫನ್ ಸಾಂಡ್‌ಹೈಮ್ ಅವರ 'ಮೆರಿಲಿ ವಿ ರೋಲ್ ಅಲಾಂಗ್' ಮೇಲೆ ಕಣ್ಣಿಟ್ಟಿರಿ. 1981ರಲ್ಲಿ ಅದು ಬ್ರಾಡ್‌ವೇಯಲ್ಲಿ 16 ಪ್ರದರ್ಶನಕ್ಕೇ ನಿಂತುಹೋಗಿತ್ತು. ಮೂವರು ಗೆಳೆಯರ ಕಥೆ, ಹಿಂದುಮುಂದಾಗಿ ನಡೆಯುತ್ತದೆ. ಮೊದಲು ನಡುವಯಸ್ಸಿನ ಕಹಿ, ಕೊನೆಗೆ ಇಪ್ಪತ್ತರ ಕನಸು. ಡೇನಿಯಲ್ ರ‍್ಯಾಡ್‌ಕ್ಲಿಫ್ ಮತ್ತು ಅದೇ ಜಾನಥನ್ ಗ್ರಾಫ್ ಇದ್ದ ಹೊಸ ಪ್ರಯೋಗ ಬ್ರಾಡ್‌ವೇಯ ದೊಡ್ಡ ಪ್ರಶಸ್ತಿಯಾದ ಟೋನಿ ಗೆದ್ದಿತು, ಅದನ್ನು ರಂಗದ ಮೇಲೇ ಶೂಟ್ ಮಾಡಿ 2025ರ ಡಿಸೆಂಬರ್‌ನಲ್ಲಿ ಚಿತ್ರಮಂದಿರಕ್ಕೆ ತಂದರು. ಇನ್ನೊಂದು ಕಡೆ ನಿರ್ದೇಶಕ ರಿಚರ್ಡ್ ಲಿಂಕ್‌ಲೇಟರ್ ಇದೇ ನಾಟಕವನ್ನು 2019ರಿಂದ ಸಿನಿಮಾ ಮಾಡುತ್ತಿದ್ದಾರೆ. ಪಾಲ್ ಮೆಸ್ಕಲ್, ಬೀನಿ ಫೆಲ್ಡ್‌ಸ್ಟೀನ್, ಬೆನ್ ಪ್ಲ್ಯಾಟ್ ಮೂವರಿಗೂ ನಿಜವಾಗಿಯೇ ವಯಸ್ಸಾಗಬೇಕು ಅಂತ ಸುಮಾರು 20 ವರ್ಷದ ಯೋಜನೆ ಹಾಕಿಕೊಂಡು, ನಡುನಡುವೆ ಬಿಟ್ಟು ಬಿಟ್ಟು ಶೂಟ್ ಮಾಡುತ್ತಿದ್ದಾರೆ. ಕಥೆ ಹಿಂದಕ್ಕೆ ಓಡುವುದರಿಂದ ಅವರು ಮೊದಲು ಶೂಟ್ ಮಾಡುವುದು ಸಿನಿಮಾದ ಕೊನೆಯ ಭಾಗ. ನಾವು ತೆರೆ ಎದ್ದ ಕೂಡಲೇ ನೋಡುವ ದೃಶ್ಯವನ್ನು ಅವರು ಇನ್ನೂ ಶೂಟ್ ಮಾಡಬೇಕಾಗಿದೆ.