ಓದುಗರ ಪ್ರಶ್ನೆ: ಮನೆಯ ಪಟ್ಟಿಗೆ ಹೆಸರು ಸೇರಿಸುವವರು ಯಾರು?

"ಪಂಚಾಯಿತಿಗೆ ಮನೆಗಾಗಿ ಅರ್ಜಿ ಕೊಟ್ಟು ಎರಡು ವರ್ಷವಾಯಿತು. ಬಿಪಿಎಲ್ ಕಾರ್ಡ್ ಇದೆ, ಹೆಸರು ಮಾತ್ರ ಪಟ್ಟಿಯಲ್ಲಿಲ್ಲ. ಯಾರ ಕೈಯಲ್ಲಿ ಹೇಳಿಸಬೇಕು?"

ಈ ಪ್ರಶ್ನೆಗೆ ಹಿಂದೆಯೂ ಹಲವು ಸಲ ಉತ್ತರಿಸಿದ್ದೇನೆ. ಯಾರ ಕೈಯಲ್ಲೂ ಹೇಳಿಸಬೇಕಾಗಿಲ್ಲ. ಗ್ರಾಮಸಭೆಗೆ ನೀವೇ ಹೋಗಬೇಕು. ಪಟ್ಟಣಗಳಲ್ಲಿ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ ಇರುತ್ತದೆ, ಅಲ್ಲಿನ ಕ್ರಮವೇ ಬೇರೆ. ಇಲ್ಲಿ ಹೇಳುತ್ತಿರುವುದು ಹಳ್ಳಿಯ ಮಾತು.

"ಮೆಂಬರ್ ಮನಸ್ಸು ಮಾಡಿದರೆ ಮಾತ್ರ ಮನೆ" ಎಂಬ ನಂಬಿಕೆ ನಮ್ಮ ಊರುಗಳಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಅರ್ಹರಾದವರೇ ಸಭೆಯ ದಿನ ಕೂಲಿಗೆ ಹೋಗಿ, ಸಂಜೆ ಸದಸ್ಯರ ಮನೆಯ ಜಗಲಿಯಲ್ಲಿ ಕಾದು ಕುಳಿತಿರುತ್ತಾರೆ. ಬಸವ ವಸತಿ ಯೋಜನೆಯಾಗಲಿ, ಪರಿಶಿಷ್ಟರಿಗಿರುವ ಅಂಬೇಡ್ಕರ್ ನಿವಾಸ್ ಯೋಜನೆಯಾಗಲಿ, ಹಳ್ಳಿಯಲ್ಲಿ ಫಲಾನುಭವಿಯನ್ನು ಆಯ್ಕೆ ಮಾಡಬೇಕಾದದ್ದು ಗ್ರಾಮಸಭೆ. ಪ್ರಧಾನಮಂತ್ರಿ ಆವಾಸ್ ಯೋಜನೆಗೆ ಸಮೀಕ್ಷೆಯ ಪಟ್ಟಿಯೇ ಆಧಾರವಾದರೂ, ಅದನ್ನು ಓದಿ ಒಪ್ಪಬೇಕಾದದ್ದೂ ಗ್ರಾಮಸಭೆಯೇ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಈ ಸಭೆ ಆರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಊರಿನ ಮತದಾರರೆಲ್ಲರೂ ಅದರ ಸದಸ್ಯರು. ಅಂದರೆ ಮೆಂಬರಿಗೆ ಅಲ್ಲಿ ಎಷ್ಟು ಮಾತಿದೆಯೋ ನಿಮಗೂ ಅಷ್ಟೇ ಇದೆ.

ಸದಸ್ಯರ ಪ್ರಭಾವ ನಡೆಯುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಅದು ನಡೆಯುವುದು ಸಭೆ ಖಾಲಿ ಇದ್ದಾಗ. ಶಾಲೆಯ ಅಂಗಳದಲ್ಲಿ ಹದಿನೈದು ಜನ ಕುಳಿತು, ಉಳಿದವರ ಸಹಿಯನ್ನು ಆಮೇಲೆ ಮನೆಮನೆಗೆ ಹೋಗಿ ಹಾಕಿಸಿಕೊಂಡ ಸಭೆಯನ್ನು ನಾನೇ ಕಂಡಿದ್ದೇನೆ. ಮುಂದಿನ ಸಲ ಅದೇ ಅಂಗಳದಲ್ಲಿ ಒಬ್ಬ ವಿಧವೆ ಎದ್ದು ನಿಂತು, ಪ್ಲಾಸ್ಟಿಕ್ ಕವರಿನಿಂದ ಅರ್ಜಿಯ ಸ್ವೀಕೃತಿ ತೆಗೆದು, "ನನ್ನ ಹೆಸರು ಯಾಕಿಲ್ಲ, ಕಾರಣ ಬರೆದುಕೊಳ್ಳಿ ಸಾರ್" ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು (ಪಿಡಿಒ) ಕೇಳಿದರು. ಕಾರಣ ಹೇಳಲು ಯಾರಿಗೂ ಆಗಲಿಲ್ಲ, ಹೆಸರು ನಡಾವಳಿ ಪುಸ್ತಕಕ್ಕೆ ಸೇರಿತು. ಹೀಗೆ ಎಲ್ಲರೆದುರು ಬರೆದ ಹೆಸರನ್ನು ಅಳಿಸುವುದು ಸುಲಭವಲ್ಲ. ಆದ್ದರಿಂದ ಅರ್ಜಿ ಕೊಟ್ಟಾಗ ಸ್ವೀಕೃತಿ ಪಡೆಯಿರಿ, ಸಭೆಯಲ್ಲಿ ಪಟ್ಟಿಯನ್ನು ಗಟ್ಟಿಯಾಗಿ ಓದಿಸಿ, ಬೇಕಾದರೆ ನಡಾವಳಿಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಬಿಪಿಎಲ್ ಕಾರ್ಡ್ ಬಡತನಕ್ಕೆ ಪುರಾವೆ ಅಷ್ಟೇ, ಅದರಿಂದಲೇ ಮನೆ ಬರುವುದಿಲ್ಲ. ಪಂಚಾಯಿತಿಗೆ ಎಷ್ಟು ಮನೆಗಳ ಗುರಿ ಬಂದಿದೆಯೋ ಪಟ್ಟಿಯಲ್ಲಿ ಅಷ್ಟೇ ಹೆಸರು ಹಿಡಿಯುತ್ತದೆ.

ಆಯ್ಕೆಯಾದ ಮೇಲೆ ಹಣ ಒಟ್ಟಿಗೆ ಬರುವುದಿಲ್ಲ. ತಳಪಾಯದಿಂದ ಛಾವಣಿಯವರೆಗೆ ಕೆಲಸದ ಹಂತಗಳ ಜಿಪಿಎಸ್ ಫೋಟೊ ಆದ ಮೇಲೆ ಕಂತು ಕಂತಾಗಿ ಫಲಾನುಭವಿಯ ಬ್ಯಾಂಕ್ ಖಾತೆಗೆ ಬರುತ್ತದೆ.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಇನ್ನೊಂದು ವಿಷಯವಿದೆ. ಮನೆ ಸಾಮಾನ್ಯವಾಗಿ ಮಂಜೂರಾಗುವುದು ಹೆಣ್ಣುಮಕ್ಕಳ ಹೆಸರಿಗೆ. ಜಾಗ ಮಾತ್ರ ಬಹುಪಾಲು ಕಡೆ ತೀರಿಹೋದ ಮಾವನವರ ಹೆಸರಿನಲ್ಲೇ ಇರುತ್ತದೆ. ಆಯ್ಕೆಯಾದ ಎಷ್ಟೋ ಮನೆಗಳು ತಳಪಾಯ ಕಾಣದೆ ನಿಲ್ಲುವುದು ಇಲ್ಲಿ. ಸೊಸೆಯ ಹೆಸರಿಗೆ ಆದೇಶ ಬಂದಾಗ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆಯಾದ ಇ-ಸ್ವತ್ತಿನಲ್ಲಿ ಹಳೆಯ ಹೆಸರಿದ್ದರೆ ದಾಖಲೆ ಹೊಂದುವುದಿಲ್ಲ, ಮೈದುನಂದಿರ ತಕರಾರೂ ಆಗಲೇ ಏಳುತ್ತದೆ. ಪಟ್ಟಿ ಬರುವವರೆಗೆ ಕಾಯದೆ ಈಗಲೇ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಮಾಡಿಸಿಕೊಂಡು, ವಾರಸುದಾರರೆಲ್ಲರ ಒಪ್ಪಿಗೆಯೊಂದಿಗೆ ಪಂಚಾಯಿತಿಯಲ್ಲಿ ಖಾತೆ ಬದಲಾವಣೆಗೆ ಅರ್ಜಿ ಕೊಡಿ. ಅಣ್ಣತಮ್ಮಂದಿರ ನಡುವೆ ಜಾಗ ಭಾಗವಾಗಬೇಕಿದ್ದರೆ ಅದನ್ನೂ ಬರವಣಿಗೆಯಲ್ಲಿ ಮುಗಿಸಿಕೊಂಡು, ಆಮೇಲೆ ಹೊಸ ಹೆಸರಿನ ಇ-ಸ್ವತ್ತು ದಾಖಲೆ ತೆಗೆಸಿಕೊಳ್ಳಿ.